ನೋಡಿದ್ದಕ್ಕೆ ದುಡ್ಡಿಲ್ಲ!

ಕಾರು ಕೆಟ್ಟಾಗ ಒಬ್ಬ ಮೆಕ್ಯಾನಿಕ್ ಹತ್ರ ಹೋದ್ರೆ ಏನು ಕೆಟ್ಟಿದೆ ಅಂತ ಗೊತ್ತಾಗುತ್ತೆ. ಇಬ್ಬರ ಹತ್ರ ಹೋದ್ರೆ ಅನುಮಾನ ಶುರುವಾಗುತ್ತೆ. ನಾಲ್ಕು ಜನರ ಹತ್ರ ಹೋದ್ರೆ ಕಾರನ್ನೇ ಮಾರಿ ಬಸ್ ಪಾಸ್ ಮಾಡಿಸಿಕೊಳ್ಳೋಣ ಅನ್ನಿಸುತ್ತೆ :-)

ಈ ವಿಷಯ ಎತ್ತಿದ್ರೆ ಸಾಕು, ಆಫೀಸಿನಲ್ಲಾಗಲಿ ಮದುವೆ ಮನೆಯಲ್ಲಾಗಲಿ ಎಲ್ಲರ ಹತ್ರಾನೂ ಒಂದೊಂದು ಕಥೆ ರೆಡಿ ಇರುತ್ತೆ. ಎಲ್ಲ ಕಥೆಗಳ ನೀತಿಯೂ ಒಂದೇ: "ಮೆಕ್ಯಾನಿಕ್‌ಗಳೆಲ್ಲ ಕಳ್ಳರು ಕಣ್ರೀ." ನನಗೆ ಈ ಮಾತು ಒಪ್ಪಿಗೆ ಇಲ್ಲ. ಕಳ್ಳರು ಇಲ್ಲ ಅಂತಲ್ಲ, ಎಲ್ಲ ಕಸುಬಿನಲ್ಲೂ ಇರೋ ಹಾಗೆ ಇಲ್ಲೂ ಇದ್ದಾರೆ. ಆದ್ರೆ ಒಂದೇ ಕಾರಿಗೆ ನಾಲ್ಕು ಜನ ನಾಲ್ಕು ಥರ ಹೇಳೋದಕ್ಕೆ ಕಳ್ಳತನ ಕಾರಣ ಅಲ್ಲ. ನಾವು ಯಾವುದಕ್ಕೆ ದುಡ್ಡು ಕೊಡ್ತೀವಿ, ಯಾವುದಕ್ಕೆ ಕೊಡೋದಿಲ್ಲ ಅನ್ನೋದು ಕಾರಣ. ಸ್ವಲ್ಪ ಬಿಡಿಸಿ ಹೇಳ್ತೀನಿ, ತಾಳ್ಮೆ ಇರಲಿ.

ನನ್ನದು 2012ರ ಸಣ್ಣ ಪೆಟ್ರೋಲ್ ಕಾರು. ಯಾವ ಕಂಪನಿ ಅಂತ ಹೇಳೋದಿಲ್ಲ, ಈ ಕಾಯಿಲೆಗೆ ಕಂಪನಿಯ ಹಂಗಿಲ್ಲ. 2023ರ ಏಪ್ರಿಲ್‌ನಲ್ಲಿ ಅದಕ್ಕೊಂದು ಚಾಳಿ ಶುರುವಾಯ್ತು. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗೋದು. ಮುಕ್ಕಾಲು ಗಂಟೆ, ಒಂದು ಗಂಟೆ ಟ್ರಾಫಿಕ್‌ನಲ್ಲಿ ಓಡಿದ ಮೇಲೆ ಯಾವ ಮುನ್ಸೂಚನೆಯೂ ಇಲ್ಲದೆ, ಯಾರೋ ಸ್ವಿಚ್ ಆರಿಸಿದ ಹಾಗೆ ಎಂಜಿನ್ ಆಫ್. ಸೆಲ್ಫ್ ಹೊಡೆದ್ರೆ ಕರ್ರ್ ಕರ್ರ್ ಅನ್ನುತ್ತೆ, ಹತ್ತಿಕೊಳ್ಳೋದಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಹೊಡೆದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊರಟುಬಿಡುತ್ತೆ! ಗೊರಗುಂಟೆಪಾಳ್ಯ ಸಿಗ್ನಲ್ಲಿನಲ್ಲಿ ಹಿಂದೆ ಹಾರ್ನ್ ಹೊಡೆಯೋರಿಗೆ ಕೈ ಮುಗಿಯುತ್ತಾ ಇಪ್ಪತ್ತು ನಿಮಿಷ ಕಳೆದವರಿಗೆ ಮಾತ್ರ ಅದರ ಉದ್ದ ಗೊತ್ತು.

ಮೊದಲನೆಯವರು ಕೆಟ್ಟು ನಿಂತ ಜಾಗಕ್ಕೇ ಬಂದ್ರು. ಹಿಂದಿನ ಸೀಟಿನ ಹತ್ರ ಕಿವಿ ಇಟ್ಟು, ಸೆಲ್ಫ್ ಹೊಡೆಸಿ, "ಸಾರ್, ಪೆಟ್ರೋಲ್ ಪಂಪ್ ಓಡ್ತಿಲ್ಲ. ಪಂಪ್ ಹೋಗಿದೆ" ಅಂದ್ರು. ಪಂಪ್ ಹೊಸದು, ಲೇಬರ್ ಸೇರಿ 7,400.

ಹತ್ತು ದಿನ ಆದ ಮೇಲೆ ಮತ್ತೆ ಅದೇ. ಈ ಸಲ ನಿಂತಿದ್ದು ಇನ್ನೊಂದು ಗ್ಯಾರೇಜಿನ ಎದುರಿಗೇ. ಅವರು ಪ್ಲಗ್ ಬಿಚ್ಚಿ ನೋಡಿದ್ರು. "ಕರೆಂಟೇ ಬರ್ತಿಲ್ಲ ಗುರುಗಳೇ. ಪಂಪ್ ಯಾಕೆ ಹಾಕಿಸಿದ್ರಿ? ಇದು ಕಾಯಿಲ್ ಕಂಪ್ಲೇಂಟು." ಕಾಯಿಲ್ಲು, ಪ್ಲಗ್ಗು ಎಲ್ಲ ಸೇರಿ 5,200. ಅಷ್ಟರಲ್ಲಿ ಜೂನ್ ಮಳೆ ಹಿಡೀತು, ಎರಡು ತಿಂಗಳು ಕಾರು ಒಂದು ಸಲವೂ ನಿಲ್ಲಲಿಲ್ಲ. ಎರಡನೆಯವರೇ ಧನ್ವಂತರಿ ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದಾಯ್ತು. ಸೆಪ್ಟೆಂಬರ್ ಬಿಸಿಲಿಗೆ ಧನ್ವಂತರಿಯೂ ಫೇಲ್.

ಮೂರನೆಯದು ದೊಡ್ಡ ಸರ್ವೀಸ್ ಸೆಂಟರು. ಏಸಿ, ಸೋಫಾ, ಕಾಫಿ ಎಲ್ಲ ಇತ್ತು, ಎರಡು ದಿನವೂ ಇಟ್ಟುಕೊಂಡ್ರು. "ನಮ್ಮಲ್ಲಿದ್ದಾಗ ನಿಲ್ಲಲಿಲ್ಲ ಸಾರ್. ಸ್ಕ್ಯಾನರ್‌ನಲ್ಲೂ ಯಾವ ಕೋಡೂ ಇಲ್ಲ. ಬ್ಯಾಟರಿ ವೀಕ್ ಇದೆ, ಥ್ರಾಟಲ್ ಬಾಡಿಯಲ್ಲಿ ಮಸಿ ಇದೆ." ಬ್ಯಾಟರಿ 4,800, ಕ್ಲೀನಿಂಗ್ 1,500.

ನಾಲ್ಕನೆಯವರು ಎಲ್ಲ ಬಿಲ್ಲುಗಳನ್ನೂ ನೋಡಿ ಒಂದು ನಿಟ್ಟುಸಿರು ಬಿಟ್ಟು, "ಇನ್ನು ಉಳಿದಿರೋದು ಇಸಿಯು ಒಂದೇ" ಅಂದ್ರು. ಅಂದ್ರೆ ಕಾರಿನ ಕಂಪ್ಯೂಟರ್. 32,000. ಅಲ್ಲಿಂದ ನಮಸ್ಕಾರ ಹೇಳಿ ಹೊರಟೆ.

ಅಲ್ಲಿಗೆ ಒಟ್ಟು ಖರ್ಚು 18,900. ಕಾರು ಮಾತ್ರ ಏಪ್ರಿಲ್‌ನಲ್ಲಿ ಹೇಗಿತ್ತೋ ಹಾಗೇ ಇತ್ತು.

*

ದುಡ್ಡು ಹೋದ್ರೆ ಹೋಯ್ತು ಅನ್ನಬಹುದಿತ್ತು. ಆದ್ರೆ ಅದೇ ನವೆಂಬರ್‌ನಲ್ಲಿ ಪುತ್ತೂರಿನಿಂದ ಅಮ್ಮನನ್ನ ಬೆಂಗಳೂರಿಗೆ ಕರ್ಕೊಂಡು ಬರುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಕಾರು ನಿಂತುಹೋಯ್ತು. ಏರಿನಲ್ಲಿ, ತಿರುವಿನಲ್ಲಿ, ಹಿಂದೆ ಒಂದು ಟ್ಯಾಂಕರ್.

ಎಂಜಿನ್ ನಿಂತರೆ ಏನಾಗುತ್ತೆ ಗೊತ್ತಲ್ಲ? ಸ್ಟಿಯರಿಂಗ್ ಕಲ್ಲಿನ ಹಾಗೆ ಭಾರ. ಇನ್ನು ಬ್ರೇಕು. ಪೆಟ್ರೋಲ್ ಕಾರಿನ ಬ್ರೇಕಿಗೆ ಬಲ ಕೊಡೋದು ಎಂಜಿನ್ ಎಳೆಯೋ ನಿರ್ವಾತ. ಎಂಜಿನ್ ನಿಂತ ಮೇಲೆ ಒಂದೆರಡು ಸಲ ಒತ್ತೋವಷ್ಟು ಬಲ ಉಳಿದಿರುತ್ತೆ. ಆಮೇಲೆ ಪೆಡಲ್ ಗಟ್ಟಿ, ಇಡೀ ಮೈಭಾರ ಹಾಕಿ ತುಳಿಯಬೇಕು. ಒಂದೇ ಸಲ ಒತ್ತಿ ಹಿಡಿದು ಹ್ಯಾಂಡ್ ಬ್ರೇಕ್ ಎಳೆದೆ. ಟ್ಯಾಂಕರ್ ಡ್ರೈವರ್ ಪುಣ್ಯಾತ್ಮ, ದೂರದಲ್ಲೇ ನಿಲ್ಲಿಸಿದ್ರು. ಅಮ್ಮ ಒಂದು ಮಾತೂ ಆಡಲಿಲ್ಲ, ಮಡಿಲಲ್ಲಿದ್ದ ಚೀಲವನ್ನ ಇನ್ನಷ್ಟು ಬಿಗಿಯಾಗಿ ಹಿಡ್ಕೊಂಡ್ರು. "ಪಂಪ್ ಹಾಕಿದೀವಿ", "ಕಾಯಿಲ್ ಹಾಕಿದೀವಿ" ಅನ್ನೋ ಬಿಲ್ಲುಗಳು ಡ್ಯಾಶ್‌ಬೋರ್ಡಿನೊಳಗೇ ಇದ್ದವು. ತಪ್ಪಾಗಿ ಗುರುತಿಸಿದ ರಿಪೇರಿ ಬರೀ ಜೇಬಿನ ವಿಷಯ ಅಲ್ಲ ಅಂತ ಹೇಳೋಕೆ ಇಷ್ಟು ಬರೆದೆ.

ಅರ್ಧ ಗಂಟೆ ಆದ ಮೇಲೆ ಎಂದಿನಂತೆ ಸ್ಟಾರ್ಟ್ ಆಯ್ತು. ಮುಂದೆ ಹೋಗೋ ಧೈರ್ಯ ಬರಲಿಲ್ಲ, ತಿರುಗಿಸಿ ಉಪ್ಪಿನಂಗಡಿ ಕಡೆಗೆ ಇಳಿದೆವು. ಅಲ್ಲೊಂದು ಶೀಟಿನ ಮಾಡಿನ ಗ್ಯಾರೇಜು. ಅಲ್ಲಿದ್ದವರು ಬಾನೆಟ್ ತೆಗೆಯೋ ಮೊದಲು ಪ್ರಶ್ನೆ ಕೇಳಿದ್ರು. ಇದು ಹೊಸತು.

"ಬಿಸಿ ಆದ ಮೇಲೆ ಮಾತ್ರವಾ? ಮಳೆಗಾಲದಲ್ಲಿ ಹೇಗಿತ್ತು? ನಿಲ್ಲುವಾಗ ಜರ್ಕ್ ಹೊಡೀತದಾ, ಇಲ್ಲ ಒಮ್ಮೆಲೇ ಆಫಾ? ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಎಂತ ಮಾಡ್ತದೆ?"

ಮುಳ್ಳಿನ ಬಗ್ಗೆ ಅಷ್ಟು ದಿನದಲ್ಲಿ ಯಾರೂ ಕೇಳಿರಲಿಲ್ಲ. ಅವರು ಕಾರನ್ನ ಬಿಸಿಲಲ್ಲಿ ಸ್ಟಾರ್ಟ್ ಮಾಡಿ ಬಿಟ್ಟು, ತಮ್ಮ ಬೇರೆ ಕೆಲಸ ಮಾಡ್ತಾ ಕಾದ್ರು. ಐವತ್ತು ನಿಮಿಷಕ್ಕೆ ನಿಂತಿತು. ಸೆಲ್ಫ್ ಹೊಡೆದ್ರು, ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡಲಿಲ್ಲ. ಬಟ್ಟೆಯನ್ನ ತಣ್ಣೀರಲ್ಲಿ ಅದ್ದಿ ಎಂಜಿನ್ನಿನ ಹಿಂಬದಿಯ ಒಂದು ಸಣ್ಣ ಭಾಗಕ್ಕೆ ಒತ್ತಿ ಹಿಡಿದ್ರು. ಐದು ನಿಮಿಷ. ಸೆಲ್ಫ್. ಮುಳ್ಳು ಅಲ್ಲಾಡಿತು, ಎಂಜಿನ್ ಹತ್ತಿಕೊಂಡಿತು. "ಇದೇ. ಕ್ರ್ಯಾಂಕ್ ಸೆನ್ಸರ್. ಬೇರೆ ಎಂತದೂ ಇಲ್ಲ ಮಾರಾಯ್ರೇ."

ಹೊಸ ಸೆನ್ಸರ್ ಮರುದಿನ ಬೆಳಿಗ್ಗೆ ಮಂಗಳೂರಿಂದ ಬಸ್ಸಲ್ಲಿ ಬಂತು. 1,450. ಹಾಕಿದ್ದಕ್ಕೆ 300. ಇವತ್ತಿನವರೆಗೂ ಕಾರು ಮತ್ತೆ ಹಾಗೆ ನಿಂತಿಲ್ಲ.

*

ಈಗ ಮಜಾ ನೋಡಿ. ಕ್ರ್ಯಾಂಕ್ ಸೆನ್ಸರ್ ಮಾಡೋ ಕೆಲಸ ಏನು? ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಜೊತೆ ಒಂದು ಹಲ್ಲಿನ ಚಕ್ರ ತಿರುಗುತ್ತೆ. ಅದರ ಪಕ್ಕದಲ್ಲಿ ಕೂತು, ಹಲ್ಲು ಹಾದುಹೋದ ಹಾಗೆಲ್ಲ ಕಂಪ್ಯೂಟರಿಗೆ ಒಂದೊಂದು ಸಂಕೇತ ಕಳಿಸೋದೇ ಇದರ ಕೆಲಸ. ಪಿಸ್ಟನ್ ಎಲ್ಲಿದೆ, ಎಂಜಿನ್ ಎಷ್ಟು ಜೋರಾಗಿ ತಿರುಗ್ತಿದೆ ಅನ್ನೋದು ಕಂಪ್ಯೂಟರಿಗೆ ಗೊತ್ತಾಗೋದು ಇದರಿಂದ. ಇಂಥ ಸೆನ್ಸರುಗಳಲ್ಲಿ ಅನೇಕ ಇರೋದು ಬರೀ ಒಂದು ಅಯಸ್ಕಾಂತ ಮತ್ತು ತಂತಿ ಸುರುಳಿ. ವಯಸ್ಸಾದ ಸುರುಳಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ, ಬಿಸಿಗೆ ಹಿಗ್ಗಿ ಸಂಪರ್ಕ ತಪ್ಪುತ್ತೆ, ತಣ್ಣಗಾದಾಗ ಕೂಡಿಕೊಳ್ಳುತ್ತೆ. ಸಂಕೇತ ಬರದಿದ್ರೆ ಎಂಜಿನ್ ನಿಂತಿದೆ ಅಂತ ಕಂಪ್ಯೂಟರ್ ತಿಳ್ಕೊಳ್ಳುತ್ತೆ. ನಿಂತ ಎಂಜಿನ್ನಿಗೆ ಪೆಟ್ರೋಲ್ ಯಾಕೆ, ಕಿಡಿ ಯಾಕೆ? ಎರಡನ್ನೂ ನಿಲ್ಲಿಸಿಬಿಡುತ್ತೆ.

ಅಂದ್ರೆ "ಪಂಪ್ ಓಡ್ತಿಲ್ಲ" ಅಂದ ಮೊದಲನೆಯವರು ಹೇಳಿದ್ದು ನಿಜ. "ಕರೆಂಟ್ ಬರ್ತಿಲ್ಲ" ಅಂದ ಎರಡನೆಯವರು ಹೇಳಿದ್ದೂ ನಿಜ. "ಕೋಡ್ ಇಲ್ಲ" ಅಂದ ಮೂರನೆಯವರದ್ದೂ ನಿಜ, ಯಾಕಂದ್ರೆ ಸಂಕೇತ ಪೂರ್ತಿ ನಿಂತಾಗ ಕೆಲವು ಕಾರಿನ ಕಂಪ್ಯೂಟರ್ ಅದನ್ನ ದೋಷ ಅಂತ ಬರ್ಕೊಳ್ಳೋದೇ ಇಲ್ಲ. ಒಬ್ಬರೂ ಸುಳ್ಳು ಹೇಳಿರಲಿಲ್ಲ! ಕಂಡಿದ್ದನ್ನ ಹೇಳಿದ್ರು. ಆದ್ರೆ ಕಂಡ ಲಕ್ಷಣಕ್ಕೂ ಅದರ ಕಾರಣಕ್ಕೂ ನಡುವೆ ಇನ್ನೊಂದು ಮೆಟ್ಟಿಲು ಇತ್ತು. ಪಂಪ್ ಓಡ್ತಿಲ್ಲ ಸರಿ, ಅದಕ್ಕೆ ಕರೆಂಟ್ ಬರ್ತಿದೆಯಾ ಅಂತ ಒಂದು ಟೆಸ್ಟ್ ಲ್ಯಾಂಪ್ ಹಿಡಿದಿದ್ರೆ ಎರಡು ನಿಮಿಷದಲ್ಲಿ ಗೊತ್ತಾಗ್ತಿತ್ತು. ಆ ಮೆಟ್ಟಿಲನ್ನ ಯಾರೂ ಹತ್ತಲಿಲ್ಲ.

ಯಾಕೆ ಹತ್ತಲಿಲ್ಲ? ಹತ್ತಿದ್ರೆ ದುಡ್ಡು ಬರೋದಿಲ್ಲ, ಅದಕ್ಕೆ.

ಉಪ್ಪಿನಂಗಡಿಯಲ್ಲಿ ನಾನು ಕೇಳಿದೆ, "ಪತ್ತೆ ಹಚ್ಚಿದ್ದಕ್ಕೆ ಎಷ್ಟು?" ಅಂತ. ಅವರು ನಕ್ಕು, "ಅದಕ್ಕೆಲ್ಲ ಎಂತ ದುಡ್ಡು? ನೋಡಿದ್ದು ಅಷ್ಟೇ ಅಲ್ವಾ" ಅಂದ್ರು. ಬಲವಂತವಾಗಿ ಸಾವಿರ ಕೊಟ್ಟರೆ ಬೇಡವೇ ಬೇಡ ಅಂತ ಹಿಂದೆ ಸರಿದ್ರು. ಕೊನೆಗೆ ಅಮ್ಮ "ತಗೊಳ್ಳಿ, ಇಲ್ಲದಿದ್ರೆ ನಮಗೆ ಸಮಾಧಾನ ಇಲ್ಲ" ಅಂದ ಮೇಲೆ ತಗೊಂಡ್ರು.

ಲೆಕ್ಕ ಹಾಕಿ. ಕಾಯಿಲೆ ಹಿಡಿಯದೆ ಪಾರ್ಟ್ ಬದಲಿಸಿದ ಮೂರು ಕಡೆ ಸೇರಿ 18,900. ಕಾಯಿಲೆ ಹಿಡಿದವರು ತಾವಾಗಿ ಕೇಳಿದ ಕೂಲಿ 300. ಇಡೀ ವ್ಯವಸ್ಥೆ ಯಾವುದಕ್ಕೆ ಬಹುಮಾನ ಕೊಡ್ತಿದೆ ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಳೋದು ಕಷ್ಟ.

ಡಾಕ್ಟರ ಹತ್ರ ಹೋದ್ರೆ "ಏನೂ ಇಲ್ಲ, ಮನೆಗೆ ಹೋಗಿ ನೀರು ಕುಡಿದು ಮಲಗಿ" ಅಂದ್ರೂ ಫೀಸ್ ಕೊಟ್ಟು ಬರ್ತೀವಿ. ಖುಷಿಯಿಂದಲೇ. ವಕೀಲರಿಗೆ ಕಾಗದ ನೋಡಿದ್ದಕ್ಕೇ ದುಡ್ಡು. ಮೆಕ್ಯಾನಿಕ್ ಒಂದು ಗಂಟೆ ನೋಡಿ "ಏನೂ ಬದಲಿಸೋದು ಬೇಡ, ಒಂದು ಕನೆಕ್ಟರ್ ಸಡಿಲ ಇತ್ತು, ಒತ್ತಿದ್ದೀನಿ" ಅಂದ್ರೆ ನಮ್ಮ ಜನ ಏನಂತಾರೆ? "ಏನೂ ಮಾಡೇ ಇಲ್ಲ, ಐನೂರು ಕೇಳ್ತಾನೆ!" ಅಂತಾರೆ. ಅದೇ ಮೆಕ್ಯಾನಿಕ್ ಹತ್ತು ನಿಮಿಷದಲ್ಲಿ ಏಳು ಸಾವಿರದ ಪಾರ್ಟ್ ಹಾಕಿದ್ರೆ, ಹಳೇ ಪಾರ್ಟ್ ಕೈಯಲ್ಲಿ ಹಿಡಿದು ತೂಕ ನೋಡಿ, ದುಡ್ಡು ಎಣಿಸಿ ಕೊಡ್ತಾರೆ. ಕಣ್ಣಿಗೆ ಕಾಣೋ ವಸ್ತುವಿಗೆ ದುಡ್ಡು, ಕಾಣದ ಬುದ್ಧಿಗೆ ದುಡ್ಡಿಲ್ಲ. ಹಾಗಿದ್ದ ಮೇಲೆ ಗ್ಯಾರೇಜಿನವರು ಬುದ್ಧಿ ಮಾರೋದು ಬಿಟ್ಟು ವಸ್ತು ಮಾರಿದ್ರೆ ಅದರಲ್ಲಿ ಆಶ್ಚರ್ಯ ಏನು?

ಇದಕ್ಕೆ ಇನ್ನೊಂದು ಮೋಸದ ಸಹಾಯ ಇದೆ. ಆಗಾಗ ಬಂದು ಹೋಗೋ ಕಾಯಿಲೆ ತಾನಾಗೇ ಕೆಲವು ವಾರ ಸುಮ್ಮನಿರುತ್ತೆ. ಆಗ ಕೊನೆಗೆ ಬದಲಿಸಿದ ಪಾರ್ಟಿಗೆ ಹೆಸರು ಬರುತ್ತೆ. ನೆಗಡಿ ಹೋಗೋ ದಿನ ಕುಡಿದ ಕಷಾಯಕ್ಕೆ ಹೆಸರು ಬಂದ ಹಾಗೆ! ಮಳೆಯಲ್ಲಿ ಎಂಜಿನ್ ತಣ್ಣಗಿತ್ತು, ಕೀರ್ತಿ ಕಾಯಿಲ್ಲಿಗೆ ಹೋಯ್ತು. ಆ ಮೆಕ್ಯಾನಿಕ್‌ಗೂ ತಾನು ಗೆದ್ದೆ ಅಂತಲೇ ಅನ್ನಿಸಿರುತ್ತೆ. ಮುಂದಿನ ಕಾರಿಗೂ ಕಾಯಿಲ್ ಹಾಕ್ತಾರೆ, ಪಾಪ.

*

"ಈಗ ಸ್ಕ್ಯಾನರ್ ಇದೆಯಲ್ಲ, ಕಂಪ್ಯೂಟರ್ರೇ ಹೇಳುತ್ತೆ" ಅನ್ನೋ ಸ್ನೇಹಿತರಿಗೆ ಒಂದು ಮಾತು. ಸ್ಕ್ಯಾನರ್ ತೀರ್ಪು ಕೊಡೋದಿಲ್ಲ, ದೂರು ಓದುತ್ತೆ. ಉದಾಹರಣೆಗೆ ಪಿ0171 ಅನ್ನೋ ಕೋಡ್ ಬಂದ್ರೆ "ಗಾಳಿಗೆ ಹೋಲಿಸಿದ್ರೆ ಪೆಟ್ರೋಲ್ ಕಡಿಮೆ" ಅಂತ ಅರ್ಥ, ಅಷ್ಟೇ. ಎಲ್ಲೋ ಒಂದು ರಬ್ಬರ್ ಪೈಪ್ ಬಿರುಕು ಬಿಟ್ಟು ಗಾಳಿ ನುಗ್ತಿರಬಹುದು, ಫಿಲ್ಟರ್ ಕಟ್ಟಿರಬಹುದು, ಪಂಪ್ ಸೋತಿರಬಹುದು, ಗಾಳಿ ಅಳೆಯೋ ಸೆನ್ಸರ್ ಕೊಳೆಯಾಗಿರಬಹುದು. ಕೋಡ್ ನೋಡಿ ನೇರ ಆಕ್ಸಿಜನ್ ಸೆನ್ಸರ್ ಬದಲಿಸೋದು ಅಂದ್ರೆ, ಜ್ವರ ತೋರಿಸಿದ ಥರ್ಮಾಮೀಟರನ್ನೇ ಬದಲಿಸಿದ ಹಾಗೆ.

ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಎಲ್ಲ ಕಣ್ಣಿಗೆ ಕಾಣ್ತಿತ್ತು, ಕಿವಿಗೆ ಕೇಳ್ತಿತ್ತು, ಮೂಗಿಗೆ ವಾಸನೆ ಬರ್ತಿತ್ತು. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರಲ್ಲೂ ಕಾರ್ಬುರೇಟರ್ರೇ ಇದ್ದಿದ್ದು. 2000ದ ಆಸುಪಾಸಿನಲ್ಲಿ ಹೊಗೆ ನಿಯಮ ಬಿಗಿಯಾದಾಗ ಫ್ಯುಯೆಲ್ ಇಂಜೆಕ್ಷನ್ ಬಂತು, ಜೊತೆಗೆ ಕಂಪ್ಯೂಟರ್. ಹುಡುಗನಾಗಿದ್ದಾಗ ಸ್ಪ್ಯಾನರ್ ಹಿಡಿದು ಗುರುವಿನ ಪಕ್ಕ ನಿಂತು ಕಲಿತವರಿಗೆ ಈ ಹೊಸ ವಿದ್ಯೆ ಯಾರು ಕಲಿಸಿದ್ರು? ವೈರಿಂಗ್ ನಕ್ಷೆ, ಸರ್ವೀಸ್ ಮ್ಯಾನ್ಯುಯಲ್ ಯಾರು ಕೊಟ್ಟರು? ಬಿಡಿಭಾಗ ಮತ್ತು ರಿಪೇರಿಯ ತಾಂತ್ರಿಕ ಮಾಹಿತಿಯನ್ನ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಅಂತ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಕೇಸು ಮೇಲಿನ ಹಂತಗಳಿಗೆ ಹೋಯ್ತು, ಅದು ಬೇರೆ ಕಥೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ "ರೈಟ್ ಟು ರಿಪೇರ್" ಪೋರ್ಟಲ್ ಶುರು ಮಾಡಿತು, ಅದರಲ್ಲಿ ವಾಹನಗಳೂ ಇವೆ. ಒಳ್ಳೇದೇ. ಆದ್ರೆ ಮಾಹಿತಿ ಸಿಕ್ಕಿದ್ರೂ, ಅದನ್ನ ಕೂತು ಓದಿ ತಲೆ ಓಡಿಸೋ ಒಂದು ಗಂಟೆಗೆ ಯಾರೂ ಕಾಸು ಕೊಡದಿದ್ರೆ ಓದೋರು ಯಾರು?

ದೊಡ್ಡ ಸರ್ವೀಸ್ ಸೆಂಟರುಗಳಲ್ಲಿ ಕಂಪ್ಯೂಟರೂ ಇದೆ, ಮ್ಯಾನ್ಯುಯಲ್ಲೂ ಇದೆ. ಅಲ್ಲಿನ ತೊಂದರೆ ಬೇರೆ. ನಾವು ಮಾತಾಡೋದು ಟೈ ಕಟ್ಟಿದ ಅಡ್ವೈಸರ್ ಹತ್ರ, ಕಾರು ಮುಟ್ಟೋರು ಗೋಡೆಯ ಆಚೆ. "ಒಂದು ಗಂಟೆ ಓಡಿ ಬಿಸಿಯಾದ ಮೇಲೆ ಒಮ್ಮೆಲೇ ನಿಲ್ಲುತ್ತೆ, ಇಪ್ಪತ್ತು ನಿಮಿಷಕ್ಕೆ ಸರಿಹೋಗುತ್ತೆ" ಅಂತ ಹೇಳಿದ್ದು ಜಾಬ್ ಕಾರ್ಡಿನಲ್ಲಿ "ಸ್ಟಾರ್ಟಿಂಗ್ ಪ್ರಾಬ್ಲಮ್" ಅಂತಾಗಿರುತ್ತೆ. ಕಾಯಿಲೆಯ ಅರ್ಧ ಸುಳಿವು ಗೋಡೆಯ ಈಚೆಗೇ ಉಳೀತು.

*

ಹಾಗಾದ್ರೆ ಏನು ಮಾಡೋದು? ನನ್ನ ಅಭಿಪ್ರಾಯ ಇಷ್ಟು:

ಒಂದು, ನೋಡೋದಕ್ಕೆ ಬೇರೆ ದುಡ್ಡು ಕೊಡಿ, ಮೊದಲೇ ಹೇಳಿ ಕೊಡಿ. "ಅಣ್ಣ, ಪಾರ್ಟ್ ಹಾಕೋದು ಆಮೇಲೆ. ಏನಾಗಿದೆ ಅಂತ ಹುಡುಕೋದಕ್ಕೆ ಐನೂರೋ ಎಂಟುನೂರೋ ಕೊಡ್ತೀನಿ, ಏನೂ ಬದಲಿಸೋದು ಬೇಡ ಅಂದ್ರೂ ಕೊಡ್ತೀನಿ." ಈಚೆಗೆ ನಾನು ಹೀಗೇ ಮಾಡ್ತಿದ್ದೀನಿ. ಮೊದಲು ವಿಚಿತ್ರವಾಗಿ ನೋಡ್ತಾರೆ, ಆಮೇಲೆ ಸ್ಟೂಲ್ ಎಳೆದು ಕೂತು ನೋಡ್ತಾರೆ. ಆ ಸ್ಟೂಲಿನಲ್ಲೇ ಇರೋದು ವ್ಯತ್ಯಾಸ.

ಎರಡು, "ಅದೇ ಅಂತ ಹೇಗೆ ಗೊತ್ತಾಯ್ತು?" ಅಂತ ಕೇಳಿ. ಜಗಳದ ದನಿಯಲ್ಲಲ್ಲ, ಕಲಿಯೋ ದನಿಯಲ್ಲಿ. ಪಂಪ್ ಅಂದ್ರೆ ಪ್ರೆಶರ್ ಗೇಜ್ ಹಾಕಿದ್ರಾ? ಬ್ಯಾಟರಿ ಅಂದ್ರೆ ವೋಲ್ಟ್ ಎಷ್ಟಿತ್ತು? ಎಂಜಿನ್ ಓಡುವಾಗ 14 ವೋಲ್ಟ್ ಆಸುಪಾಸು ಬರ್ತಿದ್ರೆ ಆಲ್ಟರ್ನೇಟರ್ ಕೆಲಸ ಮಾಡ್ತಿದೆ ಅಂತ, ಓಡೋ ಎಂಜಿನ್ ನಿಲ್ಲೋದಕ್ಕೆ ಬ್ಯಾಟರಿಯನ್ನ ದೂರೋ ಹಾಗಿಲ್ಲ. ಪರೀಕ್ಷೆ ಮಾಡಿ ಹೇಳಿದವರು ಖುಷಿಯಿಂದ ತೋರಿಸ್ತಾರೆ. "ನಮಗೆ ಇಪ್ಪತ್ತು ವರ್ಷದ ಎಕ್ಸ್‌ಪೀರಿಯನ್ಸ್ ಸಾರ್" ಅನ್ನೋದು ಉತ್ತರ ಅಲ್ಲ.

ಮೂರು, ಮೆಕ್ಯಾನಿಕ್‌ಗೆ ಲಕ್ಷಣ ಹೇಳಿ, ತೀರ್ಪು ಹೇಳಬೇಡಿ. ಯಾವಾಗ, ಎಷ್ಟು ಹೊತ್ತು ಓಡಿದ ಮೇಲೆ, ಬಿಸಿಲೋ ಮಳೆಯೋ, ಯಾವ ದೀಪ ಹತ್ತಿತ್ತು... ಒಂದು ಚೀಟಿಯಲ್ಲಿ ಬರೆದು ಕಾರೊಳಗೇ ಇಡಿ. ಏನೇನು ಬದಲಿಸಿದ್ದಾರೆ ಅಂತಲೂ ಹೇಳಿ, ಆದ್ರೆ ಯಾರು ಬದಲಿಸಿದ್ರು ಅಂತ ಹೇಳಬೇಡಿ. ಮೊದಲಿನವರನ್ನ ಬೈಯೋದೇ ಎರಡನೆಯವರ ಮೊದಲ ರಿಪೇರಿ, ಅದರಲ್ಲೇ ಅರ್ಧ ಗಂಟೆ ಹೋಗುತ್ತೆ :-)

ನಾಲ್ಕು, ಒಂದು ಸಲಕ್ಕೆ ಒಂದೇ ಪಾರ್ಟ್. ನಾಲ್ಕು ಒಟ್ಟಿಗೆ ಬದಲಿಸಿ ಸರಿಹೋದ್ರೆ ಯಾವುದರಿಂದ ಸರಿಹೋಯ್ತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ತೆಗೆದ ಹಳೇ ಪಾರ್ಟ್ ಕೇಳಿ ತಗೊಳ್ಳಿ. ನನ್ನ ಹಳೇ ಪಂಪು, ಕಾಯಿಲ್ಲು ಎರಡೂ ಅಟ್ಟದ ಮೇಲಿವೆ, ಎರಡೂ ಚೆನ್ನಾಗೇ ಇವೆ.

ಇಷ್ಟಕ್ಕೂ ಒಂದು ಆಕ್ಷೇಪ ಬರುತ್ತೆ, ಗೊತ್ತು. "ನೋಡೋದಕ್ಕೂ ದುಡ್ಡು ಅಂತ ಶುರುಮಾಡಿದ್ರೆ ಅದನ್ನೂ ತಗೊಂಡು, ಪಾರ್ಟಿಗೂ ತಗೋತಾರೆ" ಅಂತ. ತಗೊಳ್ಳೋರು ಇರ್ತಾರೆ, ಇಲ್ಲ ಅನ್ನಲ್ಲ. ಆದ್ರೆ ಇವತ್ತು ನೋಡೋ ಫೀಸು ಇಲ್ಲ ಅಂದ್ಕೊಂಡಿದ್ದೀವಲ್ಲ, ಅದು ಸುಳ್ಳು. ಅದು ಬೇಡದ ಪಂಪಿನ ಬೆಲೆಯೊಳಗೆ, ಬೇಡದ ಬ್ಯಾಟರಿಯ ಬೆಲೆಯೊಳಗೆ ಅಡಗಿ ಕೂತಿದೆ. ಕೊಡ್ತಾನೇ ಇದ್ದೀವಿ. ಹೊರಗೆ ಕಾಣೋ ಹಾಗೆ, ಸರಿಯಾದ ಕೆಲಸಕ್ಕೆ ಕೊಡೋಣ ಅನ್ನೋದಷ್ಟೇ ನನ್ನ ವಾದ.

ತಲೆ ಓಡಿಸಿ ಕಾಯಿಲೆ ಹಿಡಿಯೋ ಮೆಕ್ಯಾನಿಕ್‌ಗಳು ಎಲ್ಲ ಊರಲ್ಲೂ ಇದ್ದಾರೆ. ಆ ಕೆಲಸಕ್ಕೆ ಬೆಲೆಯೇ ಇಲ್ಲ ಅಂತಾದ್ರೆ ಅವರ ಕೈಕೆಳಗೆ ಇವತ್ತು ಕಲಿಯೋ ಹುಡುಗರು ಏನು ಕಲೀತಾರೆ ಹೇಳಿ? ಪಾರ್ಟ್ ಮಾರೋದನ್ನ ತಾನೇ?

ನಿಮ್ಮಲ್ಲಿ ಕಾರು, ಬೈಕು ಇಟ್ಕೊಂಡು ಹೀಗೆ ಅಲೆದವರು ಖಂಡಿತ ಇರ್ತೀರಿ. ನಿಮ್ಮೂರಲ್ಲಿ ಪಾರ್ಟ್ ಮುಟ್ಟೋ ಮೊದಲು ಪ್ರಶ್ನೆ ಕೇಳೋ ಮೆಕ್ಯಾನಿಕ್ ಇದ್ದಾರಾ? ಅವರಿಗೆ ನೋಡಿದ್ದಕ್ಕೆ ನೀವು ಎಷ್ಟು ಕೊಟ್ರಿ? ಬರೀರಿ, ಮಾತಾಡೋಣ.